ಇಪ್ಪತ್ತೇಳು ಡಿಗ್ರಿ

ಜೀವಶಾಸ್ತ್ರ ಓದುವ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವುದನ್ನು ಯಾರಿಗಾದರೂ ಶಿಕ್ಷೆಯಾಗಿ ವಿಧಿಸಬಹುದು. ನಾನು ಅದನ್ನು ಹೊಟ್ಟೆಪಾಡಿಗಾಗಿ ಮಾಡುತ್ತಿದ್ದೇನೆ, ಅದೂ ಬಹಳ ವರ್ಷಗಳಿಂದ. ತಂಬೂರು, ಬಮ್ಮಿಗಟ್ಟಿ, ಇನ್ನೂ ಒಳಗಿನ ಹಳ್ಳಿಗಳಿಂದ ಬಸ್ಸು ಹಿಡಿದು ನಮ್ಮ ಸಣ್ಣ ಕಾಲೇಜಿಗೆ ಬರುವ ಈ ಮಕ್ಕಳು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡಿರುವುದೇ ಲೆಕ್ಕದಿಂದ ಪಾರಾಗಲು. ಹಾಗೆ ಪಾರಾಗಿ ಬಂದವರ ಮುಂದೆ, ವಾರಕ್ಕೆ ಮೂರು ದಿನ, ನಾನು ಸೀಮೆಸುಣ್ಣ ಹಿಡಿದು ನಿಲ್ಲಬೇಕು. ಪ್ರತಿ ವರ್ಷ ಮೊದಲ ದಿನ ಯಾರಾದರೊಬ್ಬರು ಎದ್ದು ಅದೇ ಮಾತು ಹೇಳುತ್ತಾರೆ.

"ಗಣಿತ ಬ್ಯಾಡಂತನ ಇತ್ಲಾಗ ಬಂದೇವ್ರಿ ಮೇಡಂ. ಇಲ್ಲೂ ಬಂತಲ್ರಿ."

ಗಣಿತವನ್ನು ನಾನೇ ಚೀಲದಲ್ಲಿ ಹಾಕಿಕೊಂಡು ಅವರ ಬೆನ್ನು ಹತ್ತಿ ಬಂದೆನೇನೋ ಎಂಬಂತೆ ನೋಡುತ್ತಾರೆ.

ಪಠ್ಯಪುಸ್ತಕದ ಕಥೆ ಬೇರೆ. ಯಾವುದೋ ತಂಪು ದೇಶದವರು ಬರೆದಿದ್ದು. ಅದರಲ್ಲಿ ಒಬ್ಬಳು ಹೆಂಗಸು ಮಂಜುಗಡ್ಡೆಯ ಮೇಲೆ ಗಿರಗಿರ ತಿರುಗುತ್ತ ಕೈ ಮಡಚಿಕೊಳ್ಳುತ್ತಾಳೆ, ಇನ್ನೊಬ್ಬ ಹಿಮದ ಇಳಿಜಾರಿನಲ್ಲಿ ಜಾರುತ್ತಾನೆ. ನಮ್ಮ ಹುಡುಗರು ಮಂಜುಗಡ್ಡೆ ನೋಡಿದ್ದು ಸೋಡಾ ಅಂಗಡಿಯಲ್ಲಿ, ಗೋಣಿಚೀಲದ ಅಡಿಯಲ್ಲಿ. ಆ ಹೆಂಗಸನ್ನು ಕೈಬಿಟ್ಟು, ತುಂಬಿದ ಕೊಡ ಎತ್ತುವಾಗ ನಿಮ್ಮ ಮೊಣಕೈ ಏನು ಮಾಡುತ್ತದೆ ನೋಡಿ ಎಂದು ನಾನು ನಿಜವಾದ ಕೊಡ ತರಿಸಿ ತೋರಿಸಿದೆ. ಎಲ್ಲರೂ ಎತ್ತಿದರು, ನಕ್ಕರು, ತಲೆಯಾಡಿಸಿದರು. ಪರೀಕ್ಷೆಯಲ್ಲಿ ಒಬ್ಬರೂ ಕೊಡ ಬರೆಯಲಿಲ್ಲ. ಮೊಬೈಲಿನಲ್ಲಿ ಹರಿದಾಡುವ ನೋಟ್ಸಿನಲ್ಲಿ ಮಂಜುಗಡ್ಡೆಯ ಹೆಂಗಸೇ ಇದ್ದಳು, ಅವಳೇ ಎಲ್ಲರ ಉತ್ತರಪತ್ರಿಕೆಯಲ್ಲೂ ತಿರುಗಿದಳು.

ಇದನ್ನೆಲ್ಲ ಸಹಿಸಬಹುದು. ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದುದು ಪ್ರಾಯೋಗಿಕ ಪುಸ್ತಕದ ಒಂದು ಸಾಲು. ಅದನ್ನು ಮಕ್ಕಳು ಜರ್ನಲ್ ಎನ್ನುತ್ತಾರೆ. ಪ್ರತಿ ಪ್ರಯೋಗದ ಮೇಲ್ಗಡೆ 'ಕೊಠಡಿಯ ತಾಪಮಾನ' ಎಂದು ಬರೆದು ಅಂಕಿ ತುಂಬಬೇಕು. ನಮ್ಮ ಪ್ರಯೋಗಾಲಯಕ್ಕೆ ತಗಡಿನ ಮಾಡು. ಏಪ್ರಿಲ್‌ನಲ್ಲಿ ಬೆವರು ಜರ್ನಲ್ ಮೇಲೆಯೇ ತೊಟ್ಟಿಕ್ಕುತ್ತಿರುತ್ತದೆ, ಆಗಲೂ ಇಪ್ಪತ್ತೇಳು. ಡಿಸೆಂಬರ್‌ನಲ್ಲಿ ಹುಡುಗಿಯರು ಸ್ವೆಟರಿನ ತೋಳು ಬೆರಳತನಕ ಎಳೆದುಕೊಂಡು ಕೂತಿರುತ್ತಾರೆ, ಆಗಲೂ ಇಪ್ಪತ್ತೇಳು. ಎಲ್ಲರದೂ, ಎಲ್ಲ ಪುಟದಲ್ಲೂ, ಎಲ್ಲ ವರ್ಷವೂ. ಥರ್ಮಾಮೀಟರುಗಳು ಹತ್ತಿ ಹಾಕಿದ ಡಬ್ಬಿಯಲ್ಲಿ ಕಪಾಟಿನೊಳಗೆ ಸುಖವಾಗಿ ಮಲಗಿರುತ್ತವೆ.

ಒಂದು ಸಲ ಎದುರಿಗಿದ್ದ ಹುಡುಗನನ್ನು ಹಿಡಿದು ಕೇಳಿದೆ, "ಇದು ಎಲ್ಲಿಂದ ಬಂತು?"

"ಅಕ್ಕನ ಜರ್ನಲ್‌ನ್ಯಾಗ ಹಂಗ ಐತ್ರಿ ಮೇಡಂ."

"ನಿಮ್ಮ ಅಕ್ಕಗ ಎಲ್ಲಿಂದ ಬಂತು?"

"ಆಕಿಗೂ ಯಾರರ ಕೊಟ್ಟಿರಬೇಕ್ರಿ."

ಕೂಗಾಡಿದೆ. ಅಳೆಯದೆ ಬರೆದ ಅಂಕಿ ಸುಳ್ಳು ಹೇಳಿದಂತೆ, ಅಳೆದು ಬರೆದ ಅಂಕಿ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಉಪದೇಶ ಮಾಡಿದೆ. ಆಮೇಲೆ ಬಸ್ಸಿನ ಹೊತ್ತಾಯಿತು. ಮೂವತ್ತು ಜರ್ನಲ್‌ಗಳ ಮೂವತ್ತು ಇಪ್ಪತ್ತೇಳುಗಳ ಕೆಳಗೆ ಕೆಂಪು ಶಾಯಿಯಲ್ಲಿ ಸರಸರ ಸಹಿ ಹಾಕಿ ಓಡಿದೆ. ಆ ಸಹಿಗಳನ್ನು ನಾನು ಪ್ರತಿ ವರ್ಷ ಹಾಕಿದ್ದೇನೆ.

ಈ ಗುಂಪಿನಲ್ಲಿ ನಮ್ಮ ಊರಿನದೇ ಒಬ್ಬ ಹುಡುಗಿ ಇದ್ದಳು. ನಾನು ಹತ್ತುವ ಬಸ್ಸನ್ನೇ ಹತ್ತಿ ಕಾಲೇಜಿಗೆ ಬರುವವಳು. ಬಾಯಿಪಾಠದಲ್ಲಿ ಅವಳನ್ನು ಮೀರಿಸುವವರಿಲ್ಲ. ಸಾಂದ್ರತೆಯ ಪಾಠ ಶುರುಮಾಡಿದ ದಿನ ಅವಳನ್ನು ಎಬ್ಬಿಸಿದೆ. "ಡೆನ್ಸಿಟಿ ಅಂದ್ರ ಮಾಸ್ ಪರ್ ಯುನಿಟ್ ವಾಲ್ಯೂಮ್ ರಿ" ಎಂದು ಉಸಿರು ತೆಗೆಯದೆ ಹೇಳಿದಳು. ಹಾಲಿನ ಮೇಲೆ ಕೆನೆ ಯಾಕೆ ನಿಲ್ಲುತ್ತದೆ ಎಂದು ಕೇಳಿದೆ. ನೆಲ ನೋಡಿದಳು. ಇಡೀ ಕ್ಲಾಸೇ ನೆಲ ನೋಡಿತು. ದಿನಾ ಬೆಳಗಾದರೆ ಮನೆಯಲ್ಲಿ ಕೆನೆ ತೆಗೆಯುವ ಮಕ್ಕಳು ಇವರು. ಕೊನೆಗೆ ಅವಳೇ ಮೆಲ್ಲಗೆ ಕೇಳಿದಳು, "ಅದು ಸಿಲೆಬಸ್‌ನ್ಯಾಗ ಐತೇನ್ರಿ?"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಯಾಕೆಂದರೆ ಈ ಹುಡುಗಿ ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಮಾಡುತ್ತಿದ್ದ ಕೆಲಸವೇ ಸಾಂದ್ರತೆ ಅಳೆಯುವುದು. ಅವಳ ಕಾಕಾ ನಮ್ಮೂರಿನಲ್ಲಿ ಒಂದು ಹಾಲಿನ ಡೇರಿ ನಡೆಸುತ್ತಾನೆ. ಊರಿನವರು ಹಾಲು ತಂದರೆ ಈಕೆ ಅದನ್ನು ಉದ್ದನೆಯ ಜಾಡಿಗೆ ಸುರಿದು, ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ಅದರಲ್ಲಿ ತೇಲಿಬಿಟ್ಟು, ಅದು ಎಷ್ಟು ಮುಳುಗಿತು ಎಂದು ನೋಡಿ ಅಂಕಿ ಕೂಗುತ್ತಾಳೆ. ಹಾಲು ಗಟ್ಟಿಯಿದ್ದರೆ ಕಡ್ಡಿ ಮೇಲೆ ತೇಲಿ ದೊಡ್ಡ ಅಂಕಿ ತೋರಿಸುತ್ತದೆ, ತೆಳುವಾಗಿದ್ದರೆ ಕೆಳಗಿಳಿದು ಸಣ್ಣ ಅಂಕಿ. ಇಪ್ಪತ್ತೆಂಟಕ್ಕಿಂತ ಕಡಿಮೆ ಬಂದರೆ ನೀರು ಬೆರೆಸಿದ್ದಾರೆ ಎಂದು ಅರ್ಥ, ಹಾಲು ವಾಪಸು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಅಲ್ಲಿ ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದಳು.

ಆ ಮಳೆಗಾಲದಲ್ಲಿ ಡೇರಿ ಜಾಗ ಬದಲಿಸಿತು. ಮೊದಲು ಬಸ್‌ಸ್ಟ್ಯಾಂಡ್ ಹತ್ತಿರ ಇದ್ದದ್ದು ನಮ್ಮ ಓಣಿಗೆ, ದೊಡ್ಡವ್ವನ ಮನೆಯ ಗೋಡೆಗೆ ಅಂಟಿಕೊಂಡ ಖೋಲಿಗೆ ಬಂತು. ದೊಡ್ಡವ್ವ ಎಂದರೆ ನನಗೆ ರಕ್ತಸಂಬಂಧಿಯಲ್ಲ, ಇಡೀ ಓಣಿಗೆ ದೊಡ್ಡವ್ವ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಹಣೆಗೆ ಮೂರು ಬೆರಳು ವಿಭೂತಿ, ಹಿತ್ತಿಲಲ್ಲಿ ಒಂದು ಎಮ್ಮೆ, ಇಷ್ಟು ಅವಳ ಸಂಸಾರ. ಬೆಳಿಗ್ಗೆ ಎದ್ದು ಪೂಜೆ ಮುಗಿಸಿ ಹಾಲು ಹಿಂಡಿದರೆ, ನೊರೆ ಇಳಿಯುವ ಮೊದಲೇ ಅದು ಬೇರೆಯವರ ಮನೆ ಸೇರಬೇಕು. ಆರಿದ ಹಾಲನ್ನು ಇನ್ನೊಬ್ಬರ ಪಾತ್ರೆಗೆ ಹಾಕುವುದೆಂದರೆ ಅವಳಿಗೆ ತಂಗಳು ಬಡಿಸಿದಂತೆ. ಬಸ್‌ಸ್ಟ್ಯಾಂಡಿನ ತನಕ ಹೋಗಿ ಸರದಿಯಲ್ಲಿ ನಿಲ್ಲುವಷ್ಟರಲ್ಲಿ ನೊರೆ ಸತ್ತೇ ಹೋಗುತ್ತದೆ ಎಂದು ಎಷ್ಟೋ ವರ್ಷ ಗೊಣಗಿದ್ದಳು. ಡೇರಿ ಬಾಜುವಿಗೆ ಬಂದದ್ದು ಅವಳಿಗೆ ಹಬ್ಬವಾಯಿತು. ಬಾಗಿಲು ತೆರೆದ ಕೂಡಲೇ ಎಲ್ಲರಿಗಿಂತ ಮೊದಲು, ಹೊಗೆಯಾಡುವ ನೊರೆಹಾಲಿನೊಂದಿಗೆ ನಿಂತಿರುತ್ತಿದ್ದಳು.

ನನಗೂ ಅವಳದೇ ಹಾಲು. ದಿನಾ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ನಿಂತರೆ "ಬಾ ತಂಗಿ" ಎಂದು ಎಮ್ಮೆಯ ಬಳಿ ಕೂರುತ್ತಿದ್ದಳು. ನಮ್ಮ ಕಡೆ ಒಂದು ಪದ್ಧತಿ ಇದೆ. ಹಾಲು ಹಿಂಡುವ ಮೊದಲು ಖಾಲಿ ಚರಿಗೆಯನ್ನು ಗಿರಾಕಿಯ ಕಣ್ಣೆದುರು ಬೋರಲು ಹಾಕಿ ತೋರಿಸಬೇಕು, ತಳದಲ್ಲಿ ಒಂದು ಹನಿ ನೀರೂ ಇಲ್ಲ ಎಂದು. ಹೊಸ ಗಿರಾಕಿಗೆ, ಪರವೂರಿನವರಿಗೆ ಹಾಗೆ ತೋರಿಸುತ್ತಾರೆ. ದೊಡ್ಡವ್ವ ನನಗೆ ಒಂದು ದಿನವೂ ತೋರಿಸಿರಲಿಲ್ಲ. ತೋರಿಸಿದ್ದರೆ ನಾನು ಬೇಸರ ಮಾಡಿಕೊಳ್ಳುತ್ತಿದ್ದೆ.

ಡೇರಿ ಬಂದ ಮೊದಲ ವಾರದಲ್ಲೇ ಹುಡುಗಿ ಕೂಗಿದಳು, "ಇಪ್ಪತ್ತಾರ." ದೊಡ್ಡವ್ವನ ಹಾಲು ವಾಪಸು ಬಂತು. ಮಾರನೆಯ ದಿನವೂ ಇಪ್ಪತ್ತಾರು. ಆಮೇಲೆ ದಿನಾ ಅದೇ ಆಯಿತು. ಸರದಿಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡೇರಿ ದೂರ ಇದ್ದಾಗ ಸರಿಯಾಗಿದ್ದ ಹಾಲು ಹತ್ತಿರ ಬಂದ ಕೂಡಲೇ ತೆಳುವಾಯಿತೆಂದರೆ ಮುದುಕಿಗೆ ಆಸೆ ಹುಟ್ಟಿದೆ ಎಂದೇ ಅರ್ಥ, ಎಂದು ಊರು ತೀರ್ಮಾನ ಮಾಡಿತು. ದೊಡ್ಡವ್ವ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದಳು. ಹುಡುಗಿ ತಲೆ ಎತ್ತದೆ ಹೇಳಿದಳು, "ನಾ ಏನ ಮಾಡ್ಲಿ ಆಯಿ, ಕಡ್ಡಿ ಹಂಗ ತೋರಸ್ತೈತಿ."

ನಾನು ಅಲ್ಲೇ ಇದ್ದೆ. ಬಸ್ಸಿಗೆ ಹೊರಟವಳು ಇದನ್ನು ನಿಂತು ನೋಡಿದೆ. ಅಳೆದ ಅಂಕಿ ಸುಳ್ಳು ಹೇಳುವುದಿಲ್ಲ ಎಂದು ಕ್ಲಾಸಿನಲ್ಲಿ ನೂರು ಸಲ ಕೂಗಿದವಳಲ್ಲವೇ ನಾನು. ಒಂದು ವಾರ ಬಿಟ್ಟು, ಡಾಕ್ಟರು ಎಮ್ಮೆ ಹಾಲು ಬೇಡ ಎಂದಿದ್ದಾರೆ ಎಂದು ನೆಪ ಹೇಳಿ, ಪ್ಯಾಕೆಟ್ ಹಾಲು ತರಿಸಲು ಶುರುಮಾಡಿದೆ. ದೊಡ್ಡವ್ವ "ಆತು" ಎಂದಳು. ನನ್ನನ್ನು ನೋಡಿ ಓಣಿಯಲ್ಲಿ ಇನ್ನೂ ಎರಡು ಮನೆಯವರು ಬಿಟ್ಟರು, ಕಾಲೇಜಿನಲ್ಲಿ ಕಲಿಸುವವಳೇ ಬಿಟ್ಟಮೇಲೆ ಇನ್ನೇನು ಎಂದು. ಸಂಕ್ರಾಂತಿ ಮುಗಿದ ಮೇಲೆ ಎಮ್ಮೆ ಮಾರಿಬಿಡುತ್ತಾಳಂತೆ ಎಂಬ ಸುದ್ದಿ ಬಂತು. ಎಮ್ಮೆ ಹೋದರೆ ಅವಳಿಗೆ ಬೆಳಿಗ್ಗೆ ಏಳಲು ಇನ್ನೊಂದು ಕಾರಣ ಇರಲಿಲ್ಲ. ನನಗೆ ಕೆಡುಕೆನಿಸಿತು, ಆದರೆ ನೀರು ಬೆರೆಸಿದ್ದು ತಪ್ಪು ಎಂದು ಸಮಾಧಾನ ಮಾಡಿಕೊಂಡೆ.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ ಸಾಂದ್ರತೆಯ ಪ್ರಯೋಗದ ಸರದಿ ಬಂತು. ಪುಸ್ತಕದಲ್ಲಿ ಉಪ್ಪುನೀರು ಇತ್ತು. ಹಾಲಿನಲ್ಲೇ ಮಾಡೋಣ, ಹಾಗಾದರೂ ಇವರಿಗೆ ತಲೆಗೆ ಹೋದೀತು ಎಂದು ನಾನು ನಾಲ್ಕು ಪ್ಯಾಕೆಟ್ ಒಯ್ದೆ. ಹುಡುಗಿಗೆ ಡೇರಿಯ ಲ್ಯಾಕ್ಟೋಮೀಟರ್ ತರಲು ಹೇಳಿದ್ದೆ. ಪ್ರಯೋಗ ಶುರುವಾಗುವ ಮೊದಲೇ ಎಲ್ಲ ಜರ್ನಲ್‌ನಲ್ಲೂ ಕೊಠಡಿಯ ತಾಪಮಾನ ತುಂಬಿತ್ತು. ಎಷ್ಟೆಂದು ಹೇಳಬೇಕಾಗಿಲ್ಲ.

ಆ ದಿನ ನನ್ನ ತಾಳ್ಮೆ ಹರಿಯಿತು. ಕಪಾಟು ತೆಗೆದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. "ಇಪ್ಪತ್ತೇಳಾದರೇನು, ಮೂವತ್ತೇಳಾದರೇನು ಅನ್ನೋದೇ ನಿಮ್ಮ ವಿಚಾರ ಅಲ್ಲವಾ? ಏನಾಗ್ತದ ನೋಡ್ರಿ" ಎಂದು ಒಂದೇ ಪ್ಯಾಕೆಟ್ಟಿನ ಹಾಲನ್ನು ಎರಡು ಜಾಡಿಗೆ ಹಾಕಿಸಿದೆ. ಒಂದನ್ನು ಹಾಗೇ ಬಿಟ್ಟೆ. ಇನ್ನೊಂದನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟು ಮೈಶಾಖಕ್ಕೆ ಬರುವ ತನಕ ಕಾಯಿಸಿದೆ. ಹುಡುಗಿಯನ್ನೇ ಕರೆದೆ, ಓದು ಎಂದೆ.

ತಣ್ಣನೆಯ ಹಾಲಿನಲ್ಲಿ ಅವಳು ಡೇರಿಯ ದನಿಯಲ್ಲೇ ಕೂಗಿದಳು, "ಇಪ್ಪತ್ತೊಂಬತ್ತ." ಬಿಸಿ ಹಾಲಿನಲ್ಲಿ ಕಡ್ಡಿ ಇನ್ನಷ್ಟು ಕೆಳಗಿಳಿಯಿತು. ಅವಳು ಬಗ್ಗಿ ನೋಡಿದಳು, ಕಡ್ಡಿ ತೆಗೆದು ಒರೆಸಿ ಮತ್ತೆ ಬಿಟ್ಟಳು. "ಇಪ್ಪತ್ತಾರೂವರಿ" ಎಂದಾಗ ದನಿ ಅರ್ಧಕ್ಕೆ ಇಳಿದಿತ್ತು.

ನಾನು ನನ್ನ ಗೆಲುವಿನಲ್ಲಿದ್ದೆ. ಬಿಸಿಯಾದಾಗ ಹಾಲು ಹಿಗ್ಗುತ್ತದೆ, ಅಷ್ಟೇ ತೂಕ ಹೆಚ್ಚು ಜಾಗ ಹಿಡಿಯುತ್ತದೆ, ಸಾಂದ್ರತೆ ಇಳಿಯುತ್ತದೆ, ಕಡ್ಡಿ ಮುಳುಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬೆನ್ನ ಹಿಂದಿನಿಂದ ಅವಳು ಕೇಳಿದಳು, "ಮೇಡಂ, ಇದಕ್ಕ ನೀರ ಹಾಕಿಲ್ಲಲ್ರಿ?"

"ನಿನ್ನ ಕಣ್ಣೆದುರಿಗೇ ಒಡೆದಿದ್ದಲ್ಲ?"

"ಹಂಗಾರ ಹಿಂಡಿದ ಕೂಡ್ಲೇ ತಂದ ಹಾಲಿಗೂ ಇಪ್ಪತ್ತಾರ ಬರಬೇಕಲ್ರಿ?"

ಸಿಲೆಬಸ್ಸಿನ ಮಾತು ಬಿಟ್ಟರೆ ಎರಡು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಹೌದು ಎನ್ನಲು ಬಾಯಿ ತೆರೆದವಳು ಸೀಮೆಸುಣ್ಣ ಕೆಳಗಿಟ್ಟೆ. ಇಬ್ಬರಿಗೂ ಒಂದೇ ಮುಖ ನೆನಪಾಗಿತ್ತು. ಹುಡುಗಿ ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಅದರ ಕೊರಳಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು, ಇಪ್ಪತ್ತೇಳು ಡಿಗ್ರಿ. ಹಾಲು ಅಷ್ಟು ಶಾಖದಲ್ಲಿದ್ದಾಗ ಮಾತ್ರ ಕಡ್ಡಿಯ ಅಂಕಿ ಸರಿ ಎಂದು ಅದರ ಅರ್ಥ.

"ನೋಡೇ ಇದ್ನಿರಿ. ಅದು ಕಂಪನಿ ನಂಬರ ಇರಬೇಕ ಅನ್ಕೊಂಡಿದ್ನಿ" ಎಂದಳು.

ನಾನು ಅವಳ ಮೇಲೆ ಹರಿಹಾಯ್ದೆ. ದಿನಾ ಕೈಯಲ್ಲಿ ಹಿಡಿಯುವ ವಸ್ತುವನ್ನು ಓದಲಿಕ್ಕೆ ಏನು ಧಾಡಿ, ತಲೆ ಇರುವುದು ಎಣ್ಣೆ ಹಚ್ಚಲಿಕ್ಕಾ, ಒಬ್ಬ ಮುದುಕಿಯ ಹೆಸರು ಹಾಳು ಮಾಡಿದೆಯಲ್ಲ ಎಂದೆಲ್ಲ ಅಂದೆ. ಅವಳು ಅತ್ತಳು. ಸಂಜೆ ಬಸ್ಸಿನಲ್ಲಿ ನನಗಿಂತ ಎರಡು ಸೀಟು ಮುಂದೆ ಕೂತಿದ್ದಳು, ಕಡ್ಡಿಯ ಡಬ್ಬಿ ತೊಡೆಯ ಮೇಲಿತ್ತು. ನಮ್ಮೂರು ಬರುವ ಹೊತ್ತಿಗೆ ನನ್ನ ಸಿಟ್ಟೆಲ್ಲ ಇಳಿದು ನಾಚಿಕೆ ಮಾತ್ರ ಉಳಿದಿತ್ತು. ಬಿಸಿ ಮಾಡಿದರೆ ದ್ರವ ಹಿಗ್ಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಇವತ್ತು. ನನಗೆ ಗೊತ್ತಾಗಿ ಎಷ್ಟು ವರ್ಷವಾಗಿತ್ತು? ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಆರುತ್ತಿದ್ದ ಹಾಲು ಈಗ ಹೊಗೆಯಾಡುತ್ತ ಬರುವುದನ್ನು ನಾನು ಎರಡು ಕಣ್ಣಿನಿಂದ ನೋಡಿದ್ದೆ, ಇಪ್ಪತ್ತಾರು ಎಂಬುದನ್ನು ಎರಡು ಕಿವಿಯಿಂದ ಕೇಳಿದ್ದೆ. ಎರಡನ್ನೂ ಜೋಡಿಸಿ ನೋಡುವ ಕಷ್ಟ ತೆಗೆದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿಯೇ ದೊಡ್ಡವ್ವನ ಬಾಗಿಲಿಗೆ ಹೋಗಿ ಹಾಲು ತರುವಂತೆ ಬೇಡಿಕೊಂಡಳು. ನಾನು ಕಾಲೇಜಿನ ಥರ್ಮಾಮೀಟರ್ ಒಯ್ದಿದ್ದೆ. ಸರದಿಯಲ್ಲಿದ್ದ ಎಲ್ಲರೆದುರು ನೊರೆಹಾಲಿನಲ್ಲಿ ಕಡ್ಡಿ ಬಿಟ್ಟೆವು, ಇಪ್ಪತ್ತಾರು. ಅದೇ ಜಾಡಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಟ್ಟು, ಥರ್ಮಾಮೀಟರ್ ಇಪ್ಪತ್ತೇಳಕ್ಕೆ ಬರುವ ತನಕ ಕಾದು, ಮತ್ತೆ ಬಿಟ್ಟೆವು. ಇಪ್ಪತ್ತೆಂಟೂವರೆ. ಹುಡುಗಿ ಅದನ್ನು ಎರಡು ಸಲ ಕೂಗಿದಳು. ಹೊಲದ ಮನೆಗಳಿಂದ ಚಳಿಯಲ್ಲಿ ತಣ್ಣಗೆ ಮಾಡಿಕೊಂಡು ಹಾಲು ತರುವ ಒಂದಿಬ್ಬರ ಮುಖ ಮಾತ್ರ ಸಪ್ಪಗಾಯಿತು. ಹಾಲು ತಣ್ಣಗಾದಷ್ಟೂ ಕಡ್ಡಿ ಮೇಲೇಳುತ್ತದಲ್ಲ, ಅವರ ನೀರು ಇಷ್ಟು ದಿನ ಹೇಗೆ ಪಾಸಾಯಿತೆಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನುಮುಂದೆ ಹಾಲು ಸ್ವಲ್ಪ ಆರಿಸಿಕೊಂಡು ತಂದರೆ ಸಾಕು ಎಂದು ನಾನು ದೊಡ್ಡವ್ವನಿಗೆ ಹೇಳಿದೆ. ಅವಳು ಸೆರಗು ಸಿಗಿಸಿಕೊಂಡು ನಿಂತಳು.

"ಆರಿದ ಹಾಲ ನಾ ತರೂದಿಲ್ಲ. ಈ ಕಡ್ಡಿ ಸಲವಾಗಿ ಮಂದಿಗೆ ತಂಗಳ ಹಾಕ್ಲೇನು?"

ಸಾಂದ್ರತೆ, ಶಾಖ, ಹಿಗ್ಗುವುದು, ಕುಗ್ಗುವುದು, ಎಲ್ಲ ಮತ್ತೊಮ್ಮೆ ಹೇಳಿದೆ. ಅವಳು ನನ್ನ ಕ್ಲಾಸಿನ ಮಕ್ಕಳಂತೆಯೇ ಪೂರ್ತಿ ಕೇಳಿ, ತಲೆಯಾಡಿಸಿ, ಮತ್ತೆ ಅದೇ ಮಾತು ಹೇಳಿದಳು. ಹುಡುಗಿಯೇ ದಾರಿ ಹುಡುಕಿದಳು. "ನೀ ಬಿಸೀದ ತಾ ಆಯಿ, ಆರಸೂದು ನನ್ನ ಕೆಲಸ" ಎಂದು ಬಕೆಟ್ಟನ್ನು ಬಾಗಿಲ ಪಕ್ಕ ಕಾಯಂ ಇಟ್ಟಳು. ಅಂದಿನಿಂದ ಎಲ್ಲರ ಹಾಲೂ ಮೊದಲು ಆ ನೀರಿನಲ್ಲಿ ಕೂತು ಆಮೇಲೆ ಕಡ್ಡಿ ನೋಡುತ್ತದೆ. ಅವಳ ಕಾಕಾ ಹೊತ್ತಾಗುತ್ತದೆಂದು ಗೊಣಗುತ್ತಾನೆ. ದೊಡ್ಡವ್ವ ಎಮ್ಮೆ ಮಾರಲಿಲ್ಲ.

ಹುಡುಗಿ ಮುಂದಿನ ಪ್ರಯೋಗದಲ್ಲಿ ಯಾರೂ ಹೇಳದೆ ಕಪಾಟಿನಿಂದ ಥರ್ಮಾಮೀಟರ್ ತೆಗೆದು, ನೋಡಿ, ಕೊಠಡಿಯ ತಾಪಮಾನ ಇಪ್ಪತ್ತನಾಲ್ಕು ಎಂದು ಬರೆದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಉಳಿದ ಜರ್ನಲ್‌ಗಳನ್ನು ತೆಗೆದರೆ ಎಲ್ಲರದೂ ಇಪ್ಪತ್ತನಾಲ್ಕು. ಥರ್ಮಾಮೀಟರ್ ಡಬ್ಬಿಯಿಂದ ಹೊರಬಂದಿದ್ದು ಒಂದೇ. ಮಿಕ್ಕವರೆಲ್ಲ ಅವಳದನ್ನು ನೋಡಿ ಬರೆದಿದ್ದರು. ಹಾಗೇ ಬಿಟ್ಟರೆ ಮಾರ್ಚ್ ತಿಂಗಳ ಉರಿಯಲ್ಲೂ ಅವರು ಇಪ್ಪತ್ತನಾಲ್ಕನ್ನೇ ಬರೆಯುವವರು. ಈ ಸಲ ಅವಳದಕ್ಕೆ ಮಾತ್ರ ಸಹಿ ಹಾಕಿ, ಉಳಿದವನ್ನು ಅಳೆದು ಬರೆಯಲು ವಾಪಸು ಕೊಟ್ಟೆ, ಬಸ್ಸು ತಪ್ಪಿತು.

ದೊಡ್ಡವ್ವನ ಹತ್ತಿರ ಹೋಗಲು ನನಗೆ ಮತ್ತೆ ನಾಲ್ಕು ದಿನ ಬೇಕಾಯಿತು. ಪಾತ್ರೆ ಹಿಡಿದು ಹಿತ್ತಿಲಿಗೆ ಹೋದೆ. ಎಮ್ಮೆ ಮೇವು ತಿನ್ನುತ್ತಿತ್ತು. ನಾಳೆಯಿಂದ ಹಾಲು ಬೇಕು, ಆ ಹುಡುಗಿಯಿಂದ ತಪ್ಪಾಯಿತು, ಕಡ್ಡಿ ಓದಲು ಬರುತ್ತಿರಲಿಲ್ಲ ಅದಕ್ಕೆ ಎಂದೆಲ್ಲ ತೊದಲಿದೆ. ಡಾಕ್ಟರ ನೆಪ ಅಲ್ಲೇ ನಡುವೆ ಎಲ್ಲೋ ಬಿದ್ದುಹೋಯಿತು.

ದೊಡ್ಡವ್ವ ಕೈ ತೊಳೆದುಕೊಂಡು ಬಂದು ನಿಂತಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ.

"ಅದು ಕೂಸರಿ ಅಕ್ಕೋರ. ಕಾಜಿನ ಕಡ್ಡಿ ಹೇಳಿದ್ದ ಕೇಳ್ತು. ನೀವು ಅದನ್ನ ಕಲಸಾವ್ರು. ನೀವ್ಯಾಕ ಬಿಟ್ರಿ?"

ಅಷ್ಟು ವರ್ಷ ತಂಗಿ ಎಂದವಳು ಅಕ್ಕೋರು ಅಂದಿದ್ದಳು, ಸಾಲೆಯ ಶಿಕ್ಷಕಿಗೆ ಹೇಳುವ ಹಾಗೆ. ಕ್ಲಾಸಿನಲ್ಲಿ ನಾನು ಕೇಳಿದಾಗ ಮಕ್ಕಳು ನೆಲ ನೋಡುತ್ತಾರಲ್ಲ, ಹಾಗೆ ನೆಲ ನೋಡಿದೆ. ಉತ್ತರ ಗೊತ್ತಿಲ್ಲದೆ ಅಲ್ಲ.

ಈಗ ಮತ್ತೆ ದಿನಾ ಅವಳದೇ ಹಾಲು. ಮೊದಲಿಗಿಂತ ಒಂದು ಗುಟುಕು ಹೆಚ್ಚೇ ಹಾಕುತ್ತಾಳೆ. ಆದರೆ ಎಮ್ಮೆಯ ಬಳಿ ಕೂರುವ ಮೊದಲು ಖಾಲಿ ಚರಿಗೆಯನ್ನು ನನ್ನ ಮುಂದೆ ಹಿಡಿದು ಬೋರಲು ಹಾಕಿ ತೋರಿಸುತ್ತಾಳೆ. ಬೇಡ ದೊಡ್ಡವ್ವ ಎಂದು ಎಷ್ಟು ಸಲ ಹೇಳಿದ್ದೇನೆ. ಅವಳು ನಗುತ್ತಾಳೆ. ಚರಿಗೆಯನ್ನು ಬೋರಲಾಗಿಯೇ ಹಿಡಿದಿರುತ್ತಾಳೆ, ನಾನು ನೋಡಿದೆ ಎಂದು ತಲೆಯಾಡಿಸುವ ತನಕ.